ಯಮನ ಮೀಸೆ

ಕಿರಂಗೂರಿನ ಮರಿಸ್ವಾಮಿಗೆ ಆ ಶುಕ್ರವಾರ ಒದಗಿದ ಫಜೀತಿಗೆಲ್ಲ ಮೂಲ ಬೆರಳ ತುದಿಯಷ್ಟು ಬೆಲ್ಲದ ಪಾಕ. ಅದನ್ನು ನೆಕ್ಕಿದ್ದರೆ ಏನೂ ಆಗುತ್ತಿರಲಿಲ್ಲ. ಪುಣ್ಯಾತ್ಮ ಮೀಸೆಗೆ ಹಚ್ಚಿಕೊಂಡ.

ಬಸ್ ಡ್ರೈವರಾಗಿ ರಿಟೈರಾದ ಮರಿಸ್ವಾಮಿಗೆ ಇದ್ದದ್ದು ಒಂದೇ ಆಸೆ, ಊರ ಪೌರಾಣಿಕ ನಾಟಕದಲ್ಲಿ ಯಮನಾಗಬೇಕು. ಸರ್ವೀಸಿನಲ್ಲಿದ್ದಷ್ಟು ಕಾಲವೂ ನಾಟಕದ ದಿನವೇ ನೈಟ್ ಡ್ಯೂಟಿ ಬಿದ್ದು ಅವನ ಹೊಟ್ಟೆ ಉರಿಸಿತ್ತು. ಹೋದ ವರ್ಷ ಯಮನ ಅಂಟು ಮೀಸೆ ಪ್ರಾಣ ಕೊಂಡೊಯ್ಯುವ ಹೊತ್ತಿಗೇ ಕಳಚಿ ಬಿದ್ದು ಸತ್ತವನೂ ನಕ್ಕುಬಿಟ್ಟಿದ್ದ. ಹಾಗಾಗಿ ಪಾಂಡವಪುರದ ಹಾರ್ಮೋನಿಯಂ ಮೇಷ್ಟ್ರು ಕಾಳಪ್ಪನವರು ಈ ಸಲ ಸ್ವಂತ ಮೀಸೆ ಇದ್ದವನಿಗೇ ಯಮನ ಪಾತ್ರ ಎಂದು ಕಟ್ಟಪ್ಪಣೆ ಮಾಡಿದ್ದರು. ಮೀಸೆ ಬೆಳೆಸಿ, ಮಾತು ಕಲಿತು ಕಾದವರು ಇಬ್ಬರು: ಮರಿಸ್ವಾಮಿ ಮತ್ತು ಅಂಗಡಿ ಚಿಕ್ಕಸ್ವಾಮಿ. ಯಾರಿಗೆ ಎಂಬುದು ಅಂದು ಸಂಜೆ ತೀರ್ಮಾನವಾಗಬೇಕು.

ಹೆಂಡತಿ ಪುಟ್ಟತಾಯಮ್ಮ ಅಂಗನವಾಡಿಯಿಂದ ರಿಟೈರಾದವಳು. ಈಗ ಅವಳಿಗೆ ವಾರಕ್ಕೆ ಏಳು ದಿನ ಸಾಲದು. ಸಂಘ, ಕೋಲಾಟ, ಭಜನೆ ಎಂದು ಓಡಾಟವೋ ಓಡಾಟ. ಮನೆಯ ಎಮ್ಮೆ ಮಾತ್ರ ಗಂಡನ ಪಾಲು.

"ಇವತ್ತು ನಮ್ಮನೇಲೇ ಭಜ್ನೆ. ಬಿರ್‍ನೆ ಹಾಲು ಕರ್ದುಬುಡಿ," ಎಂದಳು.

ಅಷ್ಟರಲ್ಲಿ ಪಕ್ಕದ ಮನೆಯ ನಿಂಗರಾಜು ಗೋಡೆಯ ಮೇಲಿಂದ ಇಣುಕಿದ. "ಮರಿಸಾಮಣ್ಣ, ಮೀಸೆ ಜೋತ್ಬಿದ್ದದಲ್ಲಣ್ಣ. ಆಲೆಮನೆಯಿಂದ ಪಾಕ ತಂದಿವ್ನಿ, ವಸಿ ಸವ್ರಿ ತಿರುವ್ಕೊ. ಕಬ್ಬಿಣದಂಗೆ ನಿಂತ್ಕತದೆ."

ನಿಂತಿತು, ನಿಜ. ಹಳ್ಳಿಕಾರ್ ಎತ್ತಿನ ಕೊಂಬಿನ ಹಾಗೆ ನಿಂತಿತು. ಬೆನ್ನಿಗೇ ಊರಿನ ನೊಣಗಳೆಲ್ಲ ಬಂದು ಕೂತವು. ಎರಡು ಕೈಯಲ್ಲೂ ಹಾಲು ಕರೆಯುತ್ತಿದ್ದವನು ನೊಣ ಓಡಿಸುವುದೆಂತು? ಮುಖ ಒದರುತ್ತಾ ಕೂತಿದ್ದಾಗ ಎಮ್ಮೆಕರು ಬೆಲ್ಲದ ವಾಸನೆ ಹಿಡಿದು ಬಂದು, ಒಂದೇ ನೆಕ್ಕಿಗೆ ಮೀಸೆಯನ್ನು ಕಿವಿಯವರೆಗೆ ಬಳಿದುಬಿಟ್ಟಿತು.

"ಯಮನ ವಾಹ್ನಕ್ಕೆ ಯಜಮಾನ್ನ ಗುರ್ತು ಸಿಕ್ತು ಕಣಣ್ಣ," ಎಂದು ನಿಂಗರಾಜು ಗೋಡೆಯಾಚೆಯಿಂದ ನಕ್ಕ.

ಬಿಸಿನೀರಲ್ಲಿ ತೊಳೆದರೆ ಮೀಸೆ ಒದ್ದೆ ಬತ್ತಿಯಂತೆ ಇಳಿಬಿತ್ತು. ಹಜಾರದಲ್ಲಿ ಭಜನೆ ಶುರುವಾಗಿತ್ತು. ಒಣಗಿಸಿಕೊಳ್ಳೋಣವೆಂದು ಮರಿಸ್ವಾಮಿ ಹಿತ್ತಲ ನೀರೊಲೆಯ ಮುಂದೆ ಬಗ್ಗಿದ. ಒಲೆಯೊಳಗಿನ ತೆಂಗಿನ ಗರಿ ಭಗ್ಗೆಂದಿತು. ಮೀಸೆಯ ಎಡಗಡೆಯ ತುದಿ ಚುರ್ ಎಂದು ಸುಟ್ಟುಹೋಯಿತು.

ತಾಳ ನಿಂತಿತು. ಭಜನೆಗೆ ಬಂದಿದ್ದ ಸೋಮಮ್ಮ ಮೂಗು ಅರಳಿಸಿ, "ಪುಟ್ಟತಾಯಕ್ಕ, ಶುಕ್ರವಾರ್‍ದಲ್ಲಿ ಯಾರವ್ವ ಕೋಳಿ ಸುಡ್ತಾವ್ರೆ?" ಎಂದಳು. ಮರಿಸ್ವಾಮಿ ಹಿತ್ತಲ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡ.

ಸಂಜೆ ಗುಡಿಯ ಜಗಲಿಯಲ್ಲಿ ಚಿಕ್ಕಸ್ವಾಮಿಯ ಮೀಸೆ ಬಣ್ಣ ಹಚ್ಚಿಸಿಕೊಂಡು ಮಿಂಚುತ್ತಿತ್ತು. ಮರಿಸ್ವಾಮಿಯದು ಒಂದು ಕಡೆ ಉದ್ದ, ಒಂದು ಕಡೆ ಮೋಟು. ಸಾಲದ್ದಕ್ಕೆ ನಿಂಗರಾಜು ಪಾಕದಿಂದ ಕೋಳಿಯವರೆಗೆ ಎಲ್ಲವನ್ನೂ ಜನರಿಗೆ ಉಪ್ಪು ಖಾರ ಹಚ್ಚಿ ಹೇಳಿದ. ಜಗಲಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಮರಿಸ್ವಾಮಿಗೆ ಅವಮಾನ ನೆತ್ತಿಗೇರಿತು.

"ಲೇ ನಿಂಗ, ನಗ್ತೀಯೇನ್ಲಾ? ನಿನ್ ಪ್ರಾಣ ಈಗ್ಲೇ ಎಳ್ಕಂಡೋಯ್ತೀನಿ ಕಣ್ಲಾ," ಎಂದು ಅವನು ಗುಡುಗಿದ ರಭಸಕ್ಕೆ ಗೋಪುರದ ಪಾರಿವಾಳಗಳು ಎದ್ದು ಹಾರಿದವು. ನಿಂಗರಾಜು ಜಗಲಿಯಿಂದ ಜಾರಿ ಕೆಳಗೆ ಬಿದ್ದ.

ಕಾಳಪ್ಪನವರು ಹಾರ್ಮೋನಿಯಂ ಮುಚ್ಚಿದರು. ಎದ್ದು ಬಂದು ಮೋಟು ಮೀಸೆಯನ್ನು ಜಗ್ಗಿ ನೋಡಿದರು. "ಸ್ವಂತದ್ದೇ. ಗಂಟ್ಲೂ ಯಮಂದೇ. ಪಾತ್ರ ನಿಂದೇ ಕಣಯ್ಯ. ಬರೋ ವಾರ ನಾಟ್ಕ, ಮೀಸೆ ಜೋಪಾನ."

ಮರಿಸ್ವಾಮಿ ಕುಣಿಯುತ್ತಲೇ ಮನೆಗೆ ಬಂದ. ಸುದ್ದಿ ಕೇಳಿ ಪುಟ್ಟತಾಯಮ್ಮನ ಕಣ್ಣು ತುಂಬಿ ಬಂತು. ಅವಳು ಕರಿಘಟ್ಟದ ಬೆಟ್ಟದ ಮೇಲಿನ ದೇವರ ಕಡೆ ತಿರುಗಿ ಕೈಮುಗಿದಳು.

"ನಂಗೆ ಗೊತ್ತಿತ್ತು ಕಣ್ರೀ, ನಮ್ಮಪ್ಪ ಕೈ ಬುಡಾಕಿಲ್ಲ ಅಂತ. ನಿಮ್ಗೆ ಪಾತ್ರ ಸಿಕ್ಕಿದ್ ಮೊದುಲ್ನೇ ಶನ್ವಾರನೇ ಮುಡಿ ಕೊಡುಸ್ತೀನಿ ಅಂತ ಹರಕೆ ಮಾಡ್ಕಂಡಿದ್ದೆ. ನಾಳೀಕೇ ಶನ್ವಾರ."

ತನಗಾಗಿ ಹೆಂಡತಿ ಹರಕೆ ಹೊತ್ತಳಲ್ಲ ಎಂದು ಮರಿಸ್ವಾಮಿಯ ಎದೆ ತುಂಬಿತು. "ಕೊಡನ ಬುಡಮ್ಮಿ. ಎಂಗೂ ತಲೆ ಮ್ಯಾಲೆ ಕಿರೀಟ ಬತ್ತದೆ."

ಪುಟ್ಟತಾಯಮ್ಮ ಅವನ ನುಣ್ಣನೆಯ ಬೋಳು ತಲೆಯನ್ನು ಕನಿಕರದಿಂದ ನೋಡಿದಳು.

"ಆ ತಲೇಲಿ ಕೊಡಾಕೆ ಏನೈತ್ರೀ? ದ್ಯಾವ್ರಿಗೆ ಮೋಸ ಮಾಡ್ಬಾರ್ದು ಅಂತ ಮೀಸೇನೇ ಹೇಳ್ಕಂಡಿವ್ನಿ."