ನಾಯಿಮರಿಯ ಮುತ್ತಜ್ಜಂದಿರು ಬಂದ ಸಂಜೆ

“ವತ್ಸಲಾ, ಕಿಟಕಿ ಮುಚ್ಚು! ಬಾಗಿಲಾ ಹಾಕು! ಬೆಕ್ಕು ಎಲ್ಲಿ ಅದ?”

ವಾದಿರಾಜ ಗಲಗಲಿಯವರು ಮಾಳಿಗೆಯಿಂದ ಹೀಗೆ ಕೂಗುತ್ತಾ ಇಳಿದಾಗ ವತ್ಸಲಾಬಾಯಿ ಜೋಳದ ಹಿಟ್ಟು ನಾದುತ್ತಿದ್ದರು. ಮೂವತ್ತೊಂದು ವರ್ಷದ ಸಂಸಾರ, ಈ ಕೂಗು ಅವರಿಗೆ ಹೊಸದಲ್ಲ. ಜಮಖಂಡಿ ಪೇಟೆಯಲ್ಲಿ ಗಂಡನದು ಚಷ್ಮಾದ ಅಂಗಡಿ. ಗಿರಾಕಿಯ ಒಂದು ಕಣ್ಣು ಪರೀಕ್ಷೆ ಮಾಡಿ, ಏನೋ ಹೊಳೆದು ಮಾಳಿಗೆ ಹತ್ತಿದರೆ ಇನ್ನೊಂದು ಕಣ್ಣಿನ ಪಾಳಿ ಮರುದಿನಕ್ಕೇ! ಹೋದ ವರ್ಷ ಅವರು ಕಂಡುಹಿಡಿದ ಸೊಳ್ಳೆ ಓಡಿಸುವ ಯಂತ್ರ, ಸೊಳ್ಳೆಗಳನ್ನು ಬಿಟ್ಟು ಮನೆಗೆ ಬಂದ ನೆಂಟರನ್ನೆಲ್ಲ ಓಡಿಸಿತ್ತು.

ಈ ಸಲ ಅವರ ಕೈಯಲ್ಲಿದ್ದದ್ದು ಕೊಡಪಾನದಷ್ಟು ದೊಡ್ಡ ಒಂದು ಪೆಟ್ಟಿಗೆ. ಮುಂದೆ ಮೂರು ಮಸೂರ, ಮೇಲೆ ಒಂದು ಲಾಳಿಕೆ, ಹಿಂದಿನಿಂದ ಇಳಿಬಿದ್ದ ಉದ್ದನೆಯ ವೈರಿನ ತುದಿಗೆ ಒಂದು ಕೆಂಪು ಗುಂಡಿ.

“ಇದರ ಹೆಸರು ವಂಶದರ್ಶಕ! ಯಾವ ಪ್ರಾಣೀದರೆ ಎಂಜಲಾ ಒಂದ ಹನಿ ಹಾಕು, ಅದರ ಅಪ್ಪ-ಅವ್ವ, ಅಜ್ಜ-ಅಜ್ಜಿ ಎಲ್ಲಾ ಕಣ್ಣಮುಂದ ಬಂದು ಓಡ್ಯಾಡ್ತಾರ. ಕುಂಟೋ, ಕುರುಡೋ, ರೋಗಿಷ್ಟೋ, ಎಲ್ಲಾ ಗೊತ್ತಾಗ್ತದ!”

ಬೆಕ್ಕಿನ ಬಾಯಿಗೆ ಹತ್ತಿ ಮುಟ್ಟಿಸಿ ಲಾಳಿಕೆಗೆ ಹಾಕಿದ್ದೇ ತಡ, ಕತ್ತಲೆ ಕೋಣೆಯಲ್ಲಿ ಬೆಳದಿಂಗಳನ್ನು ಹೆಣೆದು ಮಾಡಿದಂಥ ಎರಡು ಬೆಕ್ಕುಗಳು ನಿಂತವು. ಅವುಗಳ ಬೆನ್ನಿಗೆ ನಾಲ್ಕು. ಒಂದಂತೂ ಬಾಲವೆತ್ತಿ ವತ್ಸಲಾಬಾಯಿಯ ಕಾಲಿನೊಳಗಿಂದಲೇ ಹಾಯ್ದುಹೋಯಿತು! ಮನೆಯ ಬೆಕ್ಕು ತನ್ನ ಹಡೆದವ್ವನನ್ನು ಎರಡು ಗಳಿಗೆ ದಿಟ್ಟಿಸಿ ನೋಡಿ, ಚೀರಿಕೊಂಡು ಹಿಟ್ಟಿನ ಪರಾತದಲ್ಲಿ ಹಾರಿಬಿತ್ತು. ವಾದಿರಾಜರು ಕೆಂಪು ಗುಂಡಿ ಒತ್ತಿದರು. ಎಲ್ಲ ಮಾಯ.

“ಬೆಕ್ಕಿನ ಅಜ್ಜಿನ್ನ ನೋಡಿ ನನಗೇನಾಗಬೇಕಾಗೇದ್ರೀ? ಹಿಟ್ಟೆಲ್ಲಾ ಹಾಳಾತು!”

“ಬೆಕ್ಕಿಗಲ್ಲ ಇದನ್ನ ಮಾಡಿದ್ದು,” ಎಂದರು ವಾದಿರಾಜರು, ದನಿ ತಗ್ಗಿಸಿ. “ನಾಯಿಮರಿ ತರೋಣು, ವತ್ಸಲಾ.”

ವತ್ಸಲಾಬಾಯಿ ಬೆಕ್ಕನ್ನು ಪರಾತದಿಂದ ಎತ್ತಿ ಕೆಳಗೆ ಬಿಟ್ಟರು. ಎರಡು ವರ್ಷದ ಹಿಂದೆ ಸಂತೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಒಬ್ಬನಿಂದ ಅವರು ಒಂದು ಮರಿ ತಂದಿದ್ದರು. ಅದರ ತಾಯಿ ಎಲ್ಲಿ ಎಂದು ಕೇಳಿದ್ದಕ್ಕೆ ಅವನು ನಕ್ಕಿದ್ದ, ಅಷ್ಟೆ. ಮುತ್ಯಾ ಎಂದು ಹೆಸರಿಟ್ಟರು. ಒಂಬತ್ತನೆಯ ದಿನ ಅದು ರಕ್ತ ಕಾರಿ ಅವರ ತೊಡೆಯ ಮೇಲೇ ಸತ್ತುಹೋಯಿತು. ಅಂದಿನಿಂದ ಈ ಮನೆಯಲ್ಲಿ ನಾಯಿಯ ಮಾತು ಎತ್ತುವಂತಿರಲಿಲ್ಲ. ಈ ಮನುಷ್ಯ ಎರಡು ವರ್ಷ ಮಾಳಿಗೆಯ ಮೇಲೆ ಕೂತು ಮಾಡುತ್ತಿದ್ದುದು ಇದನ್ನೇ ಎಂದು ಅವರಿಗೆ ಈಗ ತಿಳಿಯಿತು. 

“ನೋಡಲಿಕ್ಕಷ್ಟ ಬರ್ತೀನಿ,” ಎಂದರು. “ತರೋದು ಬಿಡೋದು ಆಮ್ಯಾಲಿನ ಮಾತು.”

*

ಮುಧೋಳದ ಆಚೆಗಿನ ಒಂದು ಹಳ್ಳಿಯಲ್ಲಿ ಶಿವಲಿಂಗವ್ವ ಉತ್ತೂರ ಎಂಬಾಕೆ ಬೇಟೆನಾಯಿಗಳನ್ನು ಸಾಕುತ್ತಿದ್ದಳು. ಅವಳ ಅಪ್ಪನೂ ಸಾಕಿದವನೇ. ಬಾಣದಂಥ ಮೈ, ಚೂಪು ಮೂತಿ, ಗಾಳಿಯನ್ನು ಹಿಂದೆ ಹಾಕುವ ಕಾಲು, ಅಂಥ ತಳಿ. ಎರಡು ಹೆಣ್ಣುನಾಯಿ ಬಿಟ್ಟು ಹೆಚ್ಚು ಇಟ್ಟುಕೊಂಡವಳಲ್ಲ. ವರ್ಷಕ್ಕೊಂದು ಸೂಲಿನ ಮರಿ ಕೊಟ್ಟರೆ ಹೆಚ್ಚು.

ಕಾರಿನಿಂದ ಇಳಿದವರಿಗೆ ಆಕೆ ಮರಿ ತೋರಿಸಲೇ ಇಲ್ಲ. ಹೊರಸಿನ ಮೇಲೆ ಕೂರಿಸಿ ಚಹಾ ಕೊಟ್ಟು, ತಾನೇ ಪರೀಕ್ಷೆಗೆ ತೊಡಗಿದಳು.

“ಮನ್ಯಾಗ ಹಗಲೆಲ್ಲಾ ಯಾರಿರತೀರಿ?”

“ನಾನಿರ್ತೀನ್ರಿ,” ಎಂದರು ವತ್ಸಲಾಬಾಯಿ.

“ಓಡಾಕ ಜಾಗಾ ಐತೇನು? ಇದು ಸರಪಳಿ ಹಾಕಿ ಕಟ್ಟೂ ನಾಯಿ ಅಲ್ಲರಿ ಅಕ್ಕಾರ. ಕಟ್ಟೂದಾದ್ರ ಚಹಾ ಕುಡದ ಎದ್ದ ಬಿಡ್ರಿ.”

“ಹಿತ್ತಲಾ ದೊಡ್ಡದದರಿ. ಕಂಪೌಂಡ ಎತ್ತರ ಅದ.”

“ಹಂಗಾರ ಮೊದಲ ತಾಯಿನ್ನ ನೋಡ್ರಿ.”

ತಾಯಿ ಗೌರಿ ಎದ್ದು ಬಂದಳು. ಬಾಲ ಆಡಿಸುತ್ತಾ ವತ್ಸಲಾಬಾಯಿಯ ಕೈ ಮೂಸಿ, ಪರವಾಗಿಲ್ಲ ಎನ್ನುವಂತೆ ಪಕ್ಕಕ್ಕೆ ಸರಿದಳು. ಅವಳ ಹಿಂದೆ ಐದು ಮರಿಗಳು ಉರುಳುರುಳಿ ಬಂದವು. ಶಿವಲಿಂಗವ್ವ ಒಂದೊಂದನ್ನೂ ಎತ್ತಿ ತೋರಿಸಿದಳು. “ಕಣ್ಣ ನೋಡ್ರಿ, ಪಿಸರಿಲ್ಲ. ಕಿವಿ ಮೂಸ್ರಿ, ನಾತಾ ಬರೂದಿಲ್ಲ. ವಸಡಿ ಕೆಂಪಗ ಅದಾವ. ಹೊಟ್ಟಿ ಉಬ್ಬಿಲ್ಲ, ಜಂತಿನ ಔಷಧ ಹಾಕೀನಿ. ಮೊದಲನೇ ಸೂಜಿ ಆಗೇತಿ, ಇಲ್ಲೇ ಚೀಟಿ ಐತಿ.”

ವತ್ಸಲಾಬಾಯಿಯ ಕೈ ಒಂದು ಮರಿಯತ್ತ ತಾನಾಗಿ ಚಾಚಿತು. ಒಂಬತ್ತನೆಯ ದಿನದ ನೆನಪಾಗಿ ಹಿಂದಕ್ಕೆ ಬಂತು. ಸಂತೆಯ ಆ ಮರಿಯ ಕಣ್ಣೂ ಹೀಗೇ ಹೊಳೆಯುತ್ತಿತ್ತಲ್ಲ!

ವಾದಿರಾಜರು ಇದನ್ನು ನೋಡಿದರು. “ತಡೀರಿ! ಇನ್ನ ನಮ್ಮ ಪರೀಕ್ಷಾ!” ಎಂದವರೇ ಕಾರಿನ ಬ್ಯಾಟರಿಗೆ ವೈರು ಸಿಕ್ಕಿಸಿ, ಅಂಗಳದ ನಡುವೆ ಯಂತ್ರ ಇಟ್ಟರು. ಹೊತ್ತು ಮುಳುಗುತ್ತಿತ್ತು. “ಐದೂ ಮರೀದು ಬ್ಯಾರೆ ಬ್ಯಾರೆ ವಂಶಾ ತಗದು, ಯಾವುದರ ಅಜ್ಜ-ಅಜ್ಜಿ ಗಟ್ಟಿ ಅಂತ ನೋಡಿ ಆರಿಸೋದು!”

ಶಿವಲಿಂಗವ್ವ ಅವರನ್ನೇ ಒಂದು ಗಳಿಗೆ ನೋಡಿದಳು. “ಸಾಹೇಬ್ರ, ಐದೂ ಒಂದ ತಾಯಿ ಹೊಟ್ಟ್ಯಾಗಿನವು. ಒಂದರ ಅಜ್ಜ ಬ್ಯಾರೆ, ಇನ್ನೊಂದರ ಅಜ್ಜ ಬ್ಯಾರೆ ಹೆಂಗಾಗತಾನ್ರಿ?”

ವಾದಿರಾಜರ ಕೈ ಲಾಳಿಕೆಯ ಮೇಲೇ ನಿಂತಿತು. ಎರಡು ವರ್ಷದಲ್ಲಿ ಈ ಒಂದು ವಿಚಾರ ಅವರ ತಲೆಗೆ ಹೊಳೆದಿರಲೇ ಇಲ್ಲ!

“ಒಂದ... ಒಂದರದರೆ ನೋಡೋಣ್ರೆಲಾ,” ಎಂದು ತೊದಲುತ್ತಾ, ಒಂದು ಮರಿಯ ಬಾಯಿಗೆ ಮುಟ್ಟಿಸಿದ ಹತ್ತಿಯನ್ನು ಒಳಗೆ ಹಾಕಿಬಿಟ್ಟರು.

*

ಬೆಳಕಿನ ಎರಡು ನಾಯಿಗಳು ಅಂಗಳದಲ್ಲಿ ನಿಂತವು. ಒಂದು ಗೌರಿಯೇ. ಗೌರಿ ಬೆಚ್ಚಿ, ತನ್ನನ್ನೇ ಒಂದು ಸುತ್ತು ಹಾಕಿದಳು. ಆಮೇಲೆ ನಾಲ್ಕು. ಆಮೇಲೆ ಎಂಟು.

“ಅಯ್ಯ, ನಮ್ಮ ಹಂಸಿ! ಇದು ಸತ್ತ ಎಷ್ಟ ವರ್ಷಾತು!” ಶಿವಲಿಂಗವ್ವನ ಕೈಯಲ್ಲಿದ್ದ ಚಹಾದ ಬಟ್ಟಲು ಕೆಳಗೆ ಬಿತ್ತು.

“ನೋಡ್ರಿ, ನೋಡ್ರಿ! ಆ ಮುತ್ತಜ್ಜ ಕುಂಟಲಿಕತ್ತಾನ! ದೋಷ ಅದ!” ವಾದಿರಾಜರು ಕುಣಿದಾಡಿದರು.

“ಕುಂಟಲ್ಲರಿ ಅದು! ಕಾಲಾಗ ಜಾಲಿಮುಳ್ಳ ಮುರದೇತಿ. ನಾ ಆಗ ಲಂಗಾ ಹಾಕೂ ಹುಡುಗಿ, ನಾನ ತಗದೀನಿ ಆ ಮುಳ್ಳ!” ಶಿವಲಿಂಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಬೆಳಕಿನ ನಾಯಿ ಮುಂಗಾಲೆತ್ತಿ ಅವಳ ಮುಂದೆ ಹಾಯ್ದುಹೋಯಿತು.

“ಸಾಕ್ರೀ, ನಿಲ್ಲಸ್ರಿ!” ಎಂದರು ವತ್ಸಲಾಬಾಯಿ.

ವಾದಿರಾಜರು ಗುಂಡಿಗೆ ಕೈ ಹಾಕಿದರು. ಗುಂಡಿ ಇರಲಿಲ್ಲ! ಐದರಲ್ಲಿ ಒಂದು ಮರಿ, ಹಣೆಯ ಮೇಲೆ ಬಿಳಿ ಚುಕ್ಕಿ ಇದ್ದದ್ದು, ವೈರನ್ನು ಕಡಿದು ಕೆಂಪು ಗುಂಡಿಯನ್ನು ಬಾಯಲ್ಲಿ ಹಿಡಿದುಕೊಂಡು ಬಣವೆಯ ಸುತ್ತ ಓಡುತ್ತಿತ್ತು.

“ಹಿಡೀರಿ ಅದನ್ನ!”

ಈ ತಳಿಯ ಮರಿಯನ್ನು ಚಷ್ಮಾದಂಗಡಿಯವರು ಹಿಡಿಯುವುದೇ? ವಾದಿರಾಜರು ಬಣವೆಗೆ ಮೂರು ಸುತ್ತು ಹಾಕಿ ನಾಲ್ಕನೆಯದಕ್ಕೆ ಸಗಣಿಯ ತಿಪ್ಪೆಯಲ್ಲಿ ಕೂತರು. ಅಷ್ಟರಲ್ಲಿ ಹದಿನಾರು, ಮೂವತ್ತೆರಡು, ಅರವತ್ತನಾಲ್ಕು! ಅಂಗಳ ತುಂಬಿತು. ನಾಯಿಗಳು ಗೋಡೆಯೊಳಗಿಂದ ಹಾಯ್ದು ಕಬ್ಬಿನ ಗದ್ದೆಗೆ ಇಳಿದವು. ಐನೂರು, ಸಾವಿರ! ವತ್ಸಲಾಬಾಯಿ ಲೆಕ್ಕ ಬಿಟ್ಟರು. ಕಬ್ಬು ಹೇರಿಕೊಂಡು ಹೊರಟಿದ್ದ ಟ್ರ್ಯಾಕ್ಟರು ರಸ್ತೆಯಲ್ಲೇ ಗಕ್ಕನೆ ನಿಂತು, ಡ್ರೈವರು ಕೆಳಗೆ ಜಿಗಿದ.

“ಯವ್ವಾ! ಇವೆಲ್ಲಾ ಯಾರ ನಾಯಿರಿ?”

“ಯಾರ್ವೂ ಅಲ್ಲೋ ತಮ್ಮಾ,” ಎಂದಳು ಶಿವಲಿಂಗವ್ವ. “ಈ ಮರೀ ಅಜ್ಜ-ಅಜ್ಜೇರು.”

ಊರ ಬೀದಿನಾಯಿಗಳು ಬೊಗಳುತ್ತಾ ಓಡಿಬಂದು, ಬೇಲಿಯ ಹತ್ತಿರ ಬಾಯಿ ಮುಚ್ಚಿ ಸಾಲಾಗಿ ಕೂತುಬಿಟ್ಟವು. ಸುತ್ತಲಿನ ಹಳ್ಳಿಗಳವೂ ಬಂದವು. ಅವುಗಳ ಹಿಂದೆ ಜನ.  ಬೆಳಕಿನ ನಾಯಿಗಳು ಈಗ ಒಂದರ ಮೈಯಲ್ಲಿ ಒಂದು ಸೇರಿ, ದಿಗಂತದವರೆಗೆ ಒಂದು ಹೊಳೆಯಾಗಿ ಹರಿಯುತ್ತಿದ್ದವು. ಸಪ್ಪಳವಿಲ್ಲ, ಧೂಳಿಲ್ಲ. ಕಬ್ಬಿನ ಒಂದು ಗರಿಯೂ ಅಲುಗಲಿಲ್ಲ. ಪಡುವಣದ ಕೆಂಪಿನಲ್ಲಿ ಆ ಬೆಳ್ಳನೆಯ ಓಟವನ್ನು ವತ್ಸಲಾಬಾಯಿ ನೋಡುತ್ತಾ ನಿಂತರು. ಇಷ್ಟೊಂದು ತಾಯಂದಿರೇ! ಇಷ್ಟೂ ಜನ ತಮ್ಮ ಮರಿಯನ್ನು ಬದುಕಿಸಿಕೊಂಡಿದ್ದರಿಂದಲೇ ಅಲ್ಲವೇ ಆ ಬಿಳಿ ಚುಕ್ಕಿಯದು ಇವತ್ತು ಬಣವೆ ಸುತ್ತುತ್ತಿರುವುದು?

ಹಿಂದೆ ಹಿಂದೆ ಹೋದಂತೆ ಹೊಳೆ ಸಣ್ಣದಾಯಿತು. ಎಲ್ಲರ ಅಜ್ಜಂದಿರೂ ಅವರೇ ಅವರೇ ಆಗುತ್ತಾ ಬಂದರು. ಮೂತಿ ದಪ್ಪವಾಯಿತು, ಕೂದಲು ಒರಟಾಯಿತು. ನಾಯಿಗಳು ಹೋಗಿ ತೋಳಗಳಾದವು. ಜನ ಒಂದು ಹೆಜ್ಜೆ ಹಿಂದೆ ಸರಿದರು. ಕೊನೆಗೆ ಅಂಗಳದ ನಡುವೆ ಉಳಿದದ್ದು ಒಂದೇ ಒಂದು, ಪಕ್ಕೆಲುಬು ಕಾಣುವ ಹೆಣ್ಣುತೋಳ.

ಅದು ಓಡಲಿಲ್ಲ. ಯಾರದೋ ಮುಂದೆ ನಿಂತಂತೆ ನಿಂತು ಮೇಲೆ ನೋಡಿತು. ಅಲ್ಲಿ ಏನೂ ಕಾಣುತ್ತಿರಲಿಲ್ಲ. ಯಂತ್ರ ತೋರಿಸುವುದು ಮರಿಯ ವಂಶದವರನ್ನು ಮಾತ್ರ. ತೋಳ ಹಲ್ಲು ಕಿಸಿಯಿತು, ಹಿಂದೆ ಸರಿಯಿತು, ಮತ್ತೆ ಮುಂದೆ ಬಂತು. ಮೆಲ್ಲಗೆ ಕುಳಿತುಕೊಂಡಿತು. ಆಗ ಅದರ ಕಿವಿಗಳು ಹಿಂದಕ್ಕೆ ಮಡಚಿದವು. ನೆತ್ತಿಯ ಕೂದಲು ತಾನಾಗಿ ಅಪ್ಪಚ್ಚಿಯಾಯಿತು, ಐದು ಬೆರಳಿನಷ್ಟು ಅಗಲ.

“ಯಾರೋ ತಲಿ ಮ್ಯಾಲೆ ಕೈ ಇಟ್ಟಾರ್ರಿ,” ಎಂದು ಶಿವಲಿಂಗವ್ವ ಪಿಸುಗುಟ್ಟಿದಳು.

ವತ್ಸಲಾಬಾಯಿಗೆ ತಮ್ಮ ಅಂಗೈ ಬೆಚ್ಚಗಾದಂತೆ ಅನಿಸಿತು. ಬಗ್ಗಿ ನೋಡಿದರು. ಬಿಳಿ ಚುಕ್ಕಿಯ ಮರಿ ಗುಂಡಿಯನ್ನು ಅವರ ಚಪ್ಪಲಿಯ ಮೇಲೆ ಉಗುಳಿ, ಕಾಲಿಗೆ ಒರಗಿ ಕೂತಿತ್ತು. ಅವರ ಕೈ ಯಾವಾಗಲೋ ಅದರ ನೆತ್ತಿಯ ಮೇಲಿತ್ತು.

ಅವರು ಕೈ ತೆಗೆಯಲಿಲ್ಲ.

*

ಕಾರಿನ ಬ್ಯಾಟರಿ ಪೂರ್ತಿ ಬರಿದಾಗಿ, ಯಂತ್ರ ಸುಟ್ಟ ಬೆಲ್ಲದ ವಾಸನೆ ಬಿಟ್ಟು ಆರಿಹೋಯಿತು. ಮೂರು ಮಸೂರವೂ ಕರಗಿ ಒಂದೇ ಮುದ್ದೆ! ತೋಳ ಮಾಯವಾದ ಕೂಡಲೇ ಬೇಲಿಯ ಹತ್ತಿರದ ನಾಯಿಗಳೆಲ್ಲ ಒಟ್ಟಿಗೆ ಊಳಿಟ್ಟವು. ಆಮೇಲೆ ಎದ್ದು ಬಂದು ವಾದಿರಾಜರ ಸುತ್ತ ಕೂತು, ನಮ್ಮ ಅಜ್ಜಂದಿರನ್ನೂ ತೋರಿಸು ಎನ್ನುವಂತೆ ಅವರ ಮುಖವನ್ನೇ ನೋಡತೊಡಗಿದವು.

“ನನ್ನ ಕಡೆ ಯಾಕ ನೋಡ್ತಾವ ಇವು? ವತ್ಸಲಾ, ಏನರೆ ಹೇಳ!”

“ನೀವ ಕರಸಿದ ಮಂದಿ. ನೀವ ಹೇಳ್ರಿ!”

“ಮರಿ ಇವತ್ತ ಕೊಡಂಗಿಲ್ಲರಿ,” ಎಂದಳು ಶಿವಲಿಂಗವ್ವ. “ಎಂಟ ವಾರ ತುಂಬಲಿ, ತಾಯಿ ಹಂತೇಕ ಇದ್ದು ಕಲಿಯೂದು ಇನ್ನೂ ಐತಿ. ಮುಂದಿನ ಐತವಾರ ಬರ್ರಿ. ಸಾಕಾಕ ಆಗಲಿಲ್ಲಂದ್ರ ರಸ್ತೇಕ ಬಿಡಬ್ಯಾಡ್ರಿ, ನನಗ ತಂದ ಕೊಡ್ರಿ. ಮತ್ತ ಬರೂಮುಂದ ಆ ಪೆಟಗಿ ತರಬ್ಯಾಡ್ರಿ.”

ಕಬ್ಬಿನ ಟ್ರ್ಯಾಕ್ಟರಿಗೆ ಕಾರು ಕಟ್ಟಿಕೊಂಡು ಅವರು ಜಮಖಂಡಿಗೆ ವಾಪಸಾದರು. ಹಿಂದೆ ಅರವತ್ತಕ್ಕೂ ಹೆಚ್ಚು ಬೀದಿನಾಯಿಗಳ ಮೆರವಣಿಗೆ!

ಎಂಟು ದಿನ ಕಳೆದು ಮರಿ ಮನೆಗೆ ಬಂತು. ಬಂದ ಮರುದಿನವೇ ವತ್ಸಲಾಬಾಯಿ ಅದನ್ನು ದನದ ದವಾಖಾನೆಗೆ ಒಯ್ದರು. ಡಾಕ್ಟರ್ ನದಾಫ್ ಎದೆಗೆ ಸ್ಟೆತಾಸ್ಕೋಪ್ ಇಟ್ಟರು, ಹಲ್ಲು ನೋಡಿದರು, ಹೊಟ್ಟೆ ಒತ್ತಿದರು. ಅಷ್ಟು ಹೊತ್ತೂ ವತ್ಸಲಾಬಾಯಿ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದು ನಿಂತಿದ್ದರು.

“ಭಾಳ ಗಟ್ಟಿ ಮರಿರಿ ಅಕ್ಕಾರ,” ಎಂದು ಡಾಕ್ಟರು ಕಾರ್ಡು ಬರೆಯಲು ಕೂತರು. “ತಾಯಿನ್ನ ನೋಡಿ ತಂದಿರೇನು?”

“ಹೂಂ, ನೋಡಿದ್ವಿ.”

“ತಂದಿನ್ನ?”

“ಅವನ್ನೂ ನೋಡಿದ್ವಿ.”

“ಶಹಬ್ಬಾಸ್! ಹಿಂಗ ಎಲ್ಲಾ ವಿಚಾರಸಿ ಯಾರ ತರತಾರ್ರಿ ಈಗ?”

ವತ್ಸಲಾಬಾಯಿ ಮರಿಯನ್ನು ಎತ್ತಿ ಸೆರಗಿನಲ್ಲಿ ಇಟ್ಟುಕೊಂಡರು.

“ನಮ್ಮನಿಯವರು,” ಎಂದರು, “ಸ್ವಲ್ಪ ಜಾಸ್ತಿನ ವಿಚಾರಸ್ಯಾರ್ರಿ.”