ಮಾದರಿ ಮರಿ ಕೂಗಿದ ದಿನ

ನಮ್ಮ ಹಿತ್ತಲಿನಲ್ಲಿ ಸುಮಾರು ಐದು ತಿಂಗಳು ಒಂದು ಹುಂಜವೂ ಕೂಗಲಿಲ್ಲ. ಆಮೇಲೆ ಒಂದು ಬೆಳಗ್ಗೆ ಕೂಗಿತು. ಯಾವ ದಿನ ಇರಬಹುದು, ಹೇಳಿ ನೋಡೋಣ. ನೀವು ಯೋಚಿಸುತ್ತಿರಿ, ಅಷ್ಟರಲ್ಲಿ ನಾನು ಮಿಕ್ಕಿದ್ದನ್ನು ಹೇಳಿಬಿಡುತ್ತೇನೆ. ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದವನಿಗೆ ಉತ್ತರಕ್ಕಿಂತ ಪೀಠಿಕೆಯೇ ಉದ್ದ. ನಿವೃತ್ತನಾದ ಮೇಲಂತೂ ಗಂಟೆ ಹೊಡೆದು ನಿಲ್ಲಿಸುವವರೂ ಇಲ್ಲ. ಕೋಳಿ ಸಾಕಿದವರ ಮನೆಯಲ್ಲಿ ನಗುವಂಥದ್ದು ಏನಾದರೊಂದು ನಡೆಯುತ್ತಲೇ ಇರುತ್ತದೆ. ನಗುವುದಕ್ಕೆ ಮಾತ್ರ ಸ್ವಲ್ಪ ದಿನ ಹಿಡಿಯುತ್ತದೆ.

ಮಾಲೂರಿನ ನಮ್ಮ ಮನೆಯ ಕೋಳಿಗಳು ನನ್ನವಲ್ಲ, ನನ್ನ ಹೆಂಡತಿಯವು. ಮದುವೆಯಾದ ವರ್ಷ ಬೈರಕೂರಿನ ತವರಿನಿಂದ ಒಂದು ಚುಕ್ಕೆ ಹೇಂಟೆ ತಂದಿದ್ದಳು. ಅದರ ಸಂತಾನವೇ ಹಿತ್ತಲು ತುಂಬ. ನಸುಕಿನಲ್ಲಿ ಹುಂಜ ಕೂಗಿತೆಂದರೆ ಅವಳು ಎದ್ದಳು ಅಂತ ಲೆಕ್ಕ. ಹಿಂದೆಯೇ ಅಡುಗೆಮನೆಯಲ್ಲಿ ಕಾಫಿ ಪಾತ್ರೆಯ ಸದ್ದು. ಅವಳು ಹೋಗಿ ಎರಡು ವರ್ಷವಾಯಿತು. ಆದರೂ ಹುಂಜ ಕೂಗಿದಾಗ, ಕಣ್ಣು ಬಿಡುವುದಕ್ಕೆ ಮುಂಚೆ, ಒಂದು ಕ್ಷಣ ನಾನು ಕಾಫಿಗೆ ಕಾಯುತ್ತಿದ್ದೆ. ಆ ಒಂದು ಕ್ಷಣಕ್ಕಾಗಿಯೇ ಕೋಳಿ ಸಾಕುತ್ತಿದ್ದೆ ಅಂದರೂ ಸುಳ್ಳಲ್ಲ.

ಒಳ್ಳೆಯ ಪ್ರಶ್ನೆ

ಕೋಳಿಗಳಿಗೆ ಕೊಕ್ಕರೆ ರೋಗ ಅಂತ ಒಂದಿದೆ, ವೈರಸ್ಸಿನದು. ಒಂದಕ್ಕೆ ಬಂದರೆ ಬೀದಿಗೇ ಬಂತು. ಬಂದ ಮೇಲೆ ಔಷಧಿಯಿಲ್ಲ, ಮೊದಲೇ ಲಸಿಕೆ ಹಾಕಿಸಬೇಕು. ಇದನ್ನೆಲ್ಲ ಅವಳೇ ನೋಡಿಕೊಳ್ಳುತ್ತಿದ್ದಳು. ಕಳೆದ ದಸರೆಯ ಹೊತ್ತಿಗೆ ಎಂಟು ಮರಿ ಹೊರಬಂದಾಗ ನನಗೆ ನೆನಪಾಗಿ ಪಶು ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಚಿಕ್ಕ ಸೀಸೆಯೊಂದನ್ನು ಐಸ್ ತುಂಬಿದ ಫ್ಲಾಸ್ಕಿನಲ್ಲಿಟ್ಟು ಕೊಟ್ಟಳು.

"ಸಾರ್, ಬೆರೆಸಿದ ಮೇಲೆ ಎರಡು ಗಂಟೆ ಅಷ್ಟೇ. ಒಂದೊಂದು ಮರಿಗೆ ಒಂದೊಂದು ಹನಿ, ಕಣ್ಣಿಗೆ. ಮಾತಾಡ್ತಾ ಕೂರ್ಬೇಡಿ."

ಅವಳು ನನ್ನ ಹಳೆಯ ವಿದ್ಯಾರ್ಥಿನಿ. ಅದಕ್ಕೇ ಆ ಕೊನೆಯ ಮಾತು.

ಹಿತ್ತಲಿನಲ್ಲಿ ಬೀದಿಯ ನಾಲ್ಕಾರು ಜನ ಸೇರಿದ್ದರು. ಲಸಿಕೆ ಬೆರೆಸಿ, ಮಾದರಿಗೆಂದು ಒಂದು ಮರಿ ಹಿಡಿದು, ಕಣ್ಣಿಗೆ ಹನಿ ಬಿಟ್ಟು ತೋರಿಸಿದೆ. ಎದುರು ಮನೆಯಮ್ಮ ಕೇಳಿದರು, "ಅಲ್ಲಾ ಸಾರ್, ರೋಗ ಹೊಟ್ಟೇಲಿ ಇರ್ತದೆ, ಕಣ್ಣಿಗ್ಯಾಕೆ ಹಾಕ್ತೀರ?"

ಇಷ್ಟು ಒಳ್ಳೆಯ ಪ್ರಶ್ನೆಯನ್ನು ಮೂವತ್ತೆರಡು ವರ್ಷದಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ. ವೈರಸ್ ಅಂದರೇನು ಎಂಬಲ್ಲಿಂದ ಶುರು ಮಾಡಿದೆ. ಮುಗಿಸಿ ನೋಡುತ್ತೇನೆ, ಐಸ್ ಕರಗಿ ನೀರಾಗಿದೆ, ಎರಡೂವರೆ ಗಂಟೆ ಕಳೆದಿದೆ. ಏಳು ಮರಿ ಹಾಗೇ ಉಳಿದವು.

ಎದುರು ಮನೆಯಮ್ಮ ಎದ್ದು ಸೆರಗು ಕೊಡವಿದರು. "ಹೋಗ್ಲಿ ಬಿಡಿ ಸಾರ್. ಇಷ್ಟು ಕೇಳಿದ್ ಮೇಲೆ ನಮಗಂತೂ ಕೊಕ್ಕರೆ ರೋಗ ಬರಲ್ಲ."

ಕೋಲಾರದ ಬಸ್ ಸ್ಟ್ಯಾಂಡು

ಡಾಕ್ಟರಮ್ಮನ ಮುಂದೆ ಮತ್ತೆ ಹೋಗಿ ನಿಲ್ಲಲು ನಾಚಿಕೆಯಾಗಿ, ಇವತ್ತು ನಾಳೆ ಅನ್ನುತ್ತ ಮೂರು ವಾರ ಕಳೆದೆ. ಅಷ್ಟರಲ್ಲಿ ಹಿಂದಿನ ಬೀದಿಗೆ ರೋಗ ಬಂತು. ನಮ್ಮ ಕಡೆ ಒಂದು ಅಭ್ಯಾಸವಿದೆ: ಊರಿಗೆ ಕೋಳಿ ರೋಗ ಬಂದರೆ ಕೋಳಿಗಳನ್ನು ನೆಂಟರ ಮನೆಗೆ ಸಾಗಿಸುವುದು. ತಾಯಿಕೋಳಿ, ಮರಿಗಳನ್ನು ಮನೆಯಲ್ಲೇ ಬಿಟ್ಟು, ಹುಂಜವನ್ನೂ ಐದು ಹೇಂಟೆಗಳನ್ನೂ ಬುಟ್ಟಿಗೆ ತುಂಬಿಕೊಂಡು ಮುಳಬಾಗಿಲಿನ ಹತ್ತಿರದ ಬೈರಕೂರಿಗೆ ಹೊರಟೆ. ಅಲ್ಲಿ ನನ್ನ ಹೆಂಡತಿಯ ತಂಗಿ ಇದ್ದಾಳೆ. ಫೋನ್ ಮಾಡಲಿಲ್ಲ. ಮಾಡಿದರೆ ಬೇಡ ಅಂದಾಳು.

ಕೋಲಾರದಲ್ಲಿ ಇಳಿದು ಮುಳಬಾಗಿಲಿನ ಬಸ್ಸು ಹುಡುಕುತ್ತಿದ್ದರೆ, ಬೆಂಚಿನ ಮೇಲೆ ಅವಳೇ ಕೂತಿದ್ದಾಳೆ. ಕಾಲ ಬಳಿ ಸೀರೆ ತುಂಡು ಮುಚ್ಚಿದ ಬುಟ್ಟಿ.

"ಏಮಿ ಬಾವಾ, ನೀವಾ?"

"ನಿಮ್ಮನೆಗೇ ಹೊರಟಿದ್ದೆ. ನೀನು?"

"ನಿಮ್ಮನೆಗೇ. ಸುಮ್ನೆ, ನೋಡ್ಕೊಂಡು ಹೋಗಾಣ ಅಂತ."

ಅವಳ ಬುಟ್ಟಿ ಒಳಗಿನಿಂದ ಏನೋ ಕೆಮ್ಮಿತು. ನನ್ನ ಬುಟ್ಟಿ ಕೆಮ್ಮಿ ಉತ್ತರ ಕೊಟ್ಟಿತು. ಇಬ್ಬರೂ ಬೇರೆ ಕಡೆ ನೋಡಿದೆವು. ಆಮೇಲೆ ಬುಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಟೀ ಕುಡಿದು, ಅಕ್ಕನ ಬಗ್ಗೆ ನಾಲ್ಕು ಮಾತಾಡಿ, ತಂದ ಬುಟ್ಟಿ ಹೊತ್ತು ಬಂದ ಊರಿಗೇ ಹೋದೆವು. ವಾರದೊಳಗೆ ಎರಡೂ ಬುಟ್ಟಿ ಖಾಲಿ. ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿಸುತ್ತ ಡಾಕ್ಟರಮ್ಮ ಅಂದಳು:

"ನೀವು ಕೋಳಿ ಸಾಗಿಸ್ಲಿಲ್ಲ ಸಾರ್. ಮಾಲೂರಿನ ರೋಗಕ್ಕೂ ಮುಳಬಾಗಿಲಿನ ರೋಗಕ್ಕೂ ಬೀಗತನ ಮಾಡಿಸಿದ್ರಿ."

ಹರಕೆ

ಉಳಿದದ್ದು ಎರಡು. ಕತ್ತು ತಿರುಚಿಕೊಂಡು ಸದಾ ಆಕಾಶ ನೋಡುತ್ತಿದ್ದ ತಾಯಿಕೋಳಿ ಒಂದು. ಒಂದೇ ಒಂದು ಹನಿಯ ಪುಣ್ಯದಿಂದ ಬದುಕಿದ ಮಾದರಿ ಮರಿ ಇನ್ನೊಂದು. ತಾಯಿ ರಾಗಿ ಕಾಳಿಗೆ ಕೊಕ್ಕು ಹಾಕಿದರೆ ಪಕ್ಕದ ನೆಲಕ್ಕೆ ಬೀಳುತ್ತಿತ್ತು. ಅಂಗೈಯಲ್ಲಿ ಹಿಟ್ಟು ಹಿಡಿದು ತಿನ್ನಿಸುತ್ತಿದ್ದೆ. ಬೆಳಗ್ಗೆ ನನ್ನನ್ನು ಎಬ್ಬಿಸುತ್ತಿದ್ದದ್ದು ಬೆಂಗಳೂರಿನ ರೈಲು. ಅದು ಎಷ್ಟು ಕೂಗಿದರೂ ಅಡುಗೆಮನೆಯ ಸದ್ದು ನೆನಪಿಗೆ ಬರುತ್ತಿರಲಿಲ್ಲ.

ನನ್ನ ಮುಖ ನೋಡಲಾರದೆ ಎದುರು ಮನೆಯಮ್ಮ ಒಂದು ದಿನ ಅಂದರು, "ಸಾರ್, ಮಾರಮ್ಮನಿಗೆ ಹರಕೆ ಹೊತ್ಕೊಳ್ಳಿ. ಇವು ಉಳಿದ್ರೆ ಒಂದು ಕೋಳಿ ಕೊಡ್ತೀನಿ ಅಂತ."

"ಯಾವ ಕೋಳೀನಮ್ಮ?"

ಅವರು ಸ್ವಲ್ಪ ಯೋಚಿಸಿದರು. "ಉಳಿದಿದ್ದನ್ನ."

ಕೂಗು

ಮರಿಗೆ ಮುಂದಿನ ಲಸಿಕೆ ಹಾಕಿಸಲು ಹೋದಾಗ ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು ಹೋದೆ. ಮಾತಿಗೆ ಜಾಗವೇ ಇಲ್ಲ. ಐದೇ ನಿಮಿಷದಲ್ಲಿ ಕೆಲಸ ಮುಗಿಯಿತು. ಮರಿ ಬೆಳೆಯಿತು. ತಲೆಯ ಮೇಲೆ ಕೆಂಪು ಜುಟ್ಟು ಬಂತು, ಹುಂಜವೆಂದು ಖಾತ್ರಿಯಾಯಿತು. ಆದರೆ ಕೂಗದು. ದಿನಾ ನಸುಕಿಗೆ ಎಚ್ಚರವಾಗಿ, ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದೆ. ಕೂಗು ಕಲಿಸುವುದಕ್ಕೆ ಅದಕ್ಕೆ ಅಪ್ಪನೂ ಇಲ್ಲ, ನಾನು ಒಂದೆರಡು ಸಲ ಕೂಗಿ ತೋರಿಸಿದ್ದೂ ಉಂಟು. ಬೀದಿಯವರು ಮರ್ಯಾದಸ್ಥರು, ಯಾರೂ ಅದರ ಬಗ್ಗೆ ಕೇಳಲಿಲ್ಲ.

ಕೊನೆಗೆ ಒಂದು ನಸುಕಿನಲ್ಲಿ ಕೂಗಿತು. ಒಡಕು ದನಿ, ಅರ್ಧಕ್ಕೇ ನಿಂತಿತು. ಆದರೂ ಅದು ಅದೇ ಕೂಗು. ನಾನು ಕಣ್ಣು ಬಿಡಲಿಲ್ಲ. ಕಾದೆ. ಆ ಸಲ ಒಂದು ಕ್ಷಣಕ್ಕಿಂತ ಜಾಸ್ತಿಯೇ ಕಾದೆ. ಆಮೇಲೆ ಎದ್ದು ನಾನೇ ಕಾಫಿ ಮಾಡಿಕೊಂಡೆ. ಸಕ್ಕರೆ ಒಂದು ಚಮಚ ಹೆಚ್ಚಾಯಿತು, ಗದರುವವರಿರಲಿಲ್ಲ.

ಲೋಟ ಇನ್ನೂ ಕೈಯಲ್ಲಿದೆ, ಎದುರು ಮನೆಯಮ್ಮ ಓಡಿ ಬಂದರು.

"ಸಾರ್, ಅದರ ಬಾಯಿ ಮುಚ್ಚಿಸಿ. ಇಷ್ಟು ದಿನ ಸುಮ್ನಿದ್ದಿದ್ದು ಇವತ್ತೇ ಕೂಗ್ಬೇಕಾ? ಅಂಗಡೀಲಿ ನಾಟಿ ಕೋಳಿ ಸಿಗ್ಲಿಲ್ಲ ಅಂತ ನಮ್ಮ ಯಜಮಾನ್ರು ಬರಿಗೈಲಿ ವಾಪಸ್ ಬಂದವ್ರೆ. ಕೂಗು ಕೇಳಿದಾಗಿಂದ ನಿಮ್ಮ ಹಿತ್ತಲ ಕಡೇನೇ ನೋಡ್ತಾ ನಿಂತವ್ರೆ."

ಓಡಿ ಹೋಗಿ ಬುಟ್ಟಿ ಮುಚ್ಚಿದೆ. ಬುಟ್ಟಿಯೊಳಗಿಂದ ಇನ್ನೂ ಜೋರಾಗಿ ಕೂಗಿತು, ಈ ಸಲ ಪೂರ್ತಿಯಾಗಿ.

"ಥೇಟ್ ನಿಮ್ಮ ಹಂಗೇ ಸಾರ್," ಅಂದರು ಎದುರು ಮನೆಯಮ್ಮ. "ಬಾಯಿ ಬಿಡಕ್ಕೆ ಹೊತ್ತೂ ಇಲ್ಲ, ಗೊತ್ತೂ ಇಲ್ಲ."

ಈಗಲಾದರೂ ಹೊಳೆಯಿತೇ? ಆವತ್ತು ಯುಗಾದಿಯ ಮಾರನೆಯ ದಿನ. ನಮ್ಮ ಸೀಮೆಯಲ್ಲಿ ಮನೆಮನೆಗೂ ಕೋಳಿ ಸಾರು ಕುದಿಯುವ ಹೊಸತೊಡಕು.