ಮೀಸೆಗೊಂದು ಸೇತುವೆ

ಕನಕಮ್ಮ ಎರಡನೇ ಬಿಂದಿಗೆ ಸೇದಿ ಇಳಿಸುವಷ್ಟರಲ್ಲಿ ಅವಳ ಗಂಡ ರಾಮಚಂದ್ರಪ್ಪ ಬಂದು ಬಾವಿಯ ರಾಟೆಯಿಂದ ಹಗ್ಗವನ್ನೇ ಬಿಚ್ಚತೊಡಗಿದ.

"ಅಗ್ಗ ತಕ್ಕೊಂಡೋದ್ರೆ ನಾನು ನೀರು ಯಾತರಲ್ಲಿ ಸೇದ್ಲಿ?"

"ನನ್ ಮೀಸೆ ಉಳೀಬೇಕಾ ಬ್ಯಾಡ್ವಾ?"

ಅವಳು ತುಂಬಿದ ಬಿಂದಿಗೆಯನ್ನು ಸೊಂಟಕ್ಕೇರಿಸಿದಳು. ಮಗಳು ಆದಿ ಸೆರಗು ಜಗ್ಗಿದಳು. "ಅಮ್ಮಾ, ಒಂದು ಕೇಳ್ಲಾ?"

"ಆಮೇಲೆ ಕಂದಾ."

ರಾಮಚಂದ್ರಪ್ಪ ಬೂದಿಕೋಟೆಯಿಂದ ಬಂಗಾರಪೇಟೆಗೆ ಹೋಗುವ ಬಸ್ಸಿನ ಡ್ರೈವರು. ರಸ್ತೆ ಅಗಲ ಮಾಡುವಾಗ ಊರಾಚೆಯ ಹುಣಸೆಮರಗಳ ಕೊಂಬೆ ಕಡಿದಿದ್ದರಿಂದ, ಮೇಲಿಂದಲೇ ದಾಟುತ್ತಿದ್ದ ಕೋತಿಗಳು ಕೆಳಗಿಳಿದು ದಾಟತೊಡಗಿದ್ದವು. ಎರಡು ಅವನ ಬಸ್ಸಿಗೇ ಸಿಕ್ಕಿ ಸತ್ತವು. ಆಂಜನೇಯನ ಮಕ್ಕಳಲ್ಲವೇ? ಊರವರು ಚಟ್ಟ ಕಟ್ಟಿ ಹೂತು, ಎರಡು ಸಲವೂ ಅವನ ಕೈಯಲ್ಲೇ ಕರ್ಮ ಮಾಡಿಸಿ ತಲೆ, ಮೀಸೆ ಬೋಳಿಸಿದ್ದರು. ಮೀಸೆಯಿಲ್ಲದ ಮುಖ ಸಿಪ್ಪೆ ಸುಲಿದ ಗೆಣಸಿನಂತಿತ್ತು; ಅವನ ಕಂಡಕ್ಟರೇ ಗುರುತು ಹಿಡಿಯದೆ ಟಿಕೆಟ್ ಕೇಳಿದ್ದ. ಈಗಷ್ಟೇ ಮೀಸೆ ತಿರುವಲು ಸಿಗುತ್ತಿತ್ತು. ಬರುವ ವಾರ ಹತ್ತಿರದ ಗಣಿಯೂರು ಕೋರಮಂಡಲ್‌ನಲ್ಲಿ ತಮ್ಮನ ಮದುವೆ, ಫೋಟೋದವನು ಬೇರೆ ಬರುತ್ತಾನೆ. ಅದಕ್ಕೇ ಕೋತಿಗಳು ದಾಟಲು ಮರದಿಂದ ಮರಕ್ಕೆ ಹಗ್ಗ ಕಟ್ಟುತ್ತೇನೆಂದು ಹಿಂದಿನ ರಾತ್ರಿಯೇ ಮನೆಯಲ್ಲಿ ಹೇಳಿದ್ದ.

ರಾಮಚಂದ್ರಪ್ಪ ಹಗ್ಗದ ಒಂದು ತುದಿಯನ್ನು ರಸ್ತೆಯಾಚೆಯ ಮರಕ್ಕೆ ಬಿಗಿದು, ಇನ್ನೊಂದನ್ನು ಕಟ್ಟಲು ಈಚೆಯ ಮರ ಹತ್ತಿದ. ಪಕ್ಕದ ಮನೆಯ ಚಿಕ್ಕವೆಂಕಟಪ್ಪ ಬುದ್ಧಿ ಹೇಳಲು ಕೆಳಗೆ ನಿಂತ.

"ಆ ರಾಮನಿಗೆ ಕೋತಿಗಳು ಸೇತುವೆ ಕಟ್ಟಿದ್ವು. ಈ ರಾಮ ಕೋತಿಗಳಿಗೆ ಕಟ್ತಾವ್ನೆ. ಎಡಕ್ಕೆ ಎಳಿಯೋ."

ಎಳೆದ.

"ನಿನ್ನ ಎಡ ಅಲ್ಲ ಕಣ್ಲಾ, ನನ್ನ ಎಡ."

ಗಂಟು ಬಿಗಿಯುವಷ್ಟರಲ್ಲಿ ಕೆಂಜಿರುವೆ ಗೂಡು ಒಡೆದು ಅಂಗಿಯೊಳಗೆ ಸುರಿಯಿತು. ರಾಮಚಂದ್ರಪ್ಪ ಕೈಗೆ ಸಿಕ್ಕ ಹಗ್ಗ ಹಿಡಿದು ಜೋತಾಡುತ್ತಾ ಆಚೆ ಮರ ಸೇರಿದ. ಹೀಗೆ ಆ ಸೇತುವೆಯನ್ನು ಮೊದಲು ದಾಟಿದವನು ಅವನೇ.

ಮಧ್ಯಾಹ್ನ ಬಸ್ಸು ಅಲ್ಲಿಗೆ ಬಂದಾಗ ಮುದಿ ಗಡವ ಕೋತಿಯೊಂದು ಹಗ್ಗವನ್ನು ಎಳೆದು ನೋಡಿ, ಮೂಸಿ, ನಡೆದೇಬಿಟ್ಟಿತು. ಹಿಂದೆಯೇ ಮರಿ ಅವುಚಿಕೊಂಡ ತಾಯಂದಿರು. ಪ್ರಯಾಣಿಕರೆಲ್ಲ ತಲೆಯೆತ್ತಿ ಕೈಮುಗಿದರು. ರಾಮಚಂದ್ರಪ್ಪ ಬಂಗಾರಪೇಟೆಯವರೆಗೂ ಒಂದೇ ಕೈಯಲ್ಲಿ ಬಸ್ಸು ಓಡಿಸಿದ. ಇನ್ನೊಂದು ಕೈ ಮೀಸೆಯ ಮೇಲಿತ್ತು.

ಸಂಜೆ ಕನಕಮ್ಮ ಇರುವೆ ಕಚ್ಚಿದ ಬೆನ್ನಿಗೆ ಎಣ್ಣೆ ಸವರುತ್ತಾ ಮೆಲ್ಲಗೆ ಅಂದಳು, "ಮದುವೆಗೆ ಮುಂಚೆ ತಿರುಪತಿಗೆ ಓಗಿ ಬರಾಣ."

"ಯಾಕೆ?"

"ಕೋತಿಗಳು ಸೇತುವೆ ಮೇಲೆ ದಾಟಿದ್ರೆ ನಿನ್ ಮುಡಿ ಕೊಡಿಸ್ತೀನಿ ಅಂತ ತಿಮ್ಮಪ್ಪಂಗೆ ರಾತ್ರಿನೇ ಅರಕೆ ಕಟ್ಕೊಂಡಿದ್ದೆ. ಫಲಿಸಿದ ಮೇಲೆ ತಡ ಮಾಡಬಾರ್ದು."

"ತಲೆ ಒಂದೇ ತಾನೇ?"

"ಮೀಸೇನೂ ಸೇರಿಸ್ದೆ. ಬರೀ ತಲೆ ಅಂದ್ರೆ ದೇವರು ಏನಂದ್ಕಂಡಾನು?"

ಮೀಸೆಗೆ ಹೋದ ರಾಮಚಂದ್ರಪ್ಪನ ಕೈ ಅಲ್ಲೇ ನಿಂತಿತು.

ರಾತ್ರಿಯ ಹರಕೆ ಕೇಳಿಸಿಕೊಂಡು ದಿನವೆಲ್ಲ ಕಾದಿದ್ದ ಆದಿ ಈಗ ಕೇಳಿಯೇಬಿಟ್ಟಳು:

"ಅಪ್ಪಾ, ನಿನ್ ಮೀಸೆ ಉಳೀಬೇಕಾದ್ರೆ ಕೋತಿಗಳು ಎಲ್ಲಿ ದಾಟಬೇಕಿತ್ತು?"